ಬಂಡೆಯ ಪರವಾಗಿ ಅರ್ಧ ಮಾತು

ನನ್ನ ಮಾತನ್ನೇ ನನಗೆ ತಿರುಗಿಸಿ ಹೊಡೆದರೆ ಸಿಟ್ಟು ಬರುತ್ತದೆ. ಆ ಮಾತು ಆಡಿದ್ದೇ ನೆನಪಿಲ್ಲದಿದ್ದರೆ ಎರಡು ಪಟ್ಟು ಬರುತ್ತದೆ.

ಯೆರವಡಾದ ನಮ್ಮ ವಸತಿ ಸೊಸೈಟಿಯ ಹಿಂದೆ ಆನೆ ಮಲಗಿದಂಥ ಒಂದು ಕರಿಬಂಡೆಯಿದೆ. ಅದನ್ನು ಒಡೆದು ಎರಡು ಕಾರಿಗೆ ಜಾಗ ಮಾಡುವುದು ಸೆಕ್ರೆಟರಿ ಜೋಶಿಯವರ ಹಟ. ಧಾರವಾಡದಲ್ಲಿ ಭೂವಿಜ್ಞಾನ ಓದಿದ ನಾನು ಬೇಡವೆಂದೆ. ಅಂಗಳವೆಲ್ಲ ಕಾಂಕ್ರೀಟು, ಏಪ್ರಿಲ್‌ನಲ್ಲಿ ಬರಿಗಾಲು ಇಡುವಂತಿಲ್ಲ, ನೆಲವನ್ನು ಇನ್ನೂ ಎಷ್ಟು ಕಾಯಿಸುತ್ತೀರಿ ಎಂದೆ. ಅವರು ನಕ್ಕರು.

‘ಭೂಮಿ ಕಾಯುತ್ತೆ, ತಣಿಯುತ್ತೆ, ತಾನೇ ಸರಿಹೋಗುತ್ತೆ ಅಂತ ಧ್ವಜವಂದನೆಯ ದಿನ ಭಾಷಣ ಮಾಡಿದ್ದು ನೀವೇ ಅಲ್ವಾ ಸರ್?’

ನಾನೇ? ಇಂಥ ಬೇಜವಾಬ್ದಾರಿ ಮಾತೇ? ಮನೆಗೆ ಬಂದು ಹೆಂಡತಿ ಸುಮಿತ್ರಾಳ ಮುಂದೆ ಕುದಿದೆ. ಶುಕ್ರನನ್ನು ನೋಡು, ಇಂಗಾಲವನ್ನೆಲ್ಲ ಗಾಳಿಯಲ್ಲೇ ಇಟ್ಟುಕೊಂಡು ಕುಲುಮೆಯಾದ. ಮಂಗಳ ಸಣ್ಣವ, ಇದ್ದ ಗಾಳಿಯನ್ನೂ ಹಿಡಿದಿಡಲಾರದೆ ಒಣಗಿದ. ಭೂಮಿಯ ಪುಣ್ಯವೆಂದರೆ ಮಳೆ ಮತ್ತು ಬಂಡೆ. ಮಳೆ ಗಾಳಿಯ ಇಂಗಾಲವನ್ನು ತೊಳೆದು ತಂದು ಇಂಥ ಬಂಡೆಗೆ ಉಜ್ಜುತ್ತದೆ. ಹೊಳೆ ಅದನ್ನು ಕಡಲಿಗೆ ಒಯ್ದು ಸುಣ್ಣದ ಕಲ್ಲು ಮಾಡುತ್ತದೆ. ಜ್ವಾಲಾಮುಖಿ ಅದನ್ನೇ ಮತ್ತೆ ಕೆಮ್ಮುತ್ತದೆ. ಸೆಖೆ ಏರಿದರೆ ಉಜ್ಜುವುದೂ ಏರುತ್ತದೆ, ಗಾಳಿಯ ಇಂಗಾಲ ಇಳಿಯುತ್ತದೆ. ಹಾಲು ಉಕ್ಕುವ ಮುಂಚೆ ಉರಿ ತಗ್ಗಿಸಿದಂತೆ ಅದು ತಾನೇ...

ತಾನೇ ಸರಿಹೋಗುತ್ತದೆ. ನನ್ನ ಬಾಯಿಂದಲೇ ಬರುವುದರಲ್ಲಿತ್ತು.

ಸುಮಿತ್ರಾ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ‘ಅಂದಿದ್ರಿ. ನಾ ಮುಂದಿನ ಸಾಲಿನ್ಯಾಗ ಕೂತಿದ್ದೆ.’

‘ಅಷ್ಟ ಅಂದಿದ್ನೇನು?’

‘ಇಲ್ರಿ. ಅದಕ್ಕ ಲಕ್ಷಗಟ್ಟಲೆ ವರ್ಷ ಬೇಕು ಅಂತನೂ ಅಂದ್ರಿ. ಆದ್ರ ಅಷ್ಟರಾಗ ವಡಾಪಾವ್ ಬಂತು, ಮಂದಿ ಎದ್ದು ಹೋತು.’

ನೋಡಿ ಅನ್ಯಾಯ! ಒಂದು ವಡಾಪಾವಿಗಾಗಿ ಇಡೀ ಕಟ್ಟಡ ಅರ್ಧ ಭೂವಿಜ್ಞಾನ ಕೇಳಿ ಎದ್ದುಹೋಗಿದೆ. ಬೇಕಾದವರಿಗೆ ಬೇಕಾದ ಅರ್ಧವೇ ಸಿಕ್ಕಿದೆ. ನಾನೇನು ಹೆಚ್ಚಿನವನಲ್ಲ, ಆ ದಿನದ್ದು ನನಗೆ ನೆನಪಿರುವುದೂ ಚಟ್ನಿಯ ಖಾರ ಮಾತ್ರ.

ಭಾನುವಾರದ ಸಭೆಯಲ್ಲಿ ಉಳಿದರ್ಧವನ್ನು ಗುಡುಗಿದೆ. ಜೋಶಿಯವರು ಶಾಂತವಾಗಿ, ಹಾಗಾದರೆ ಈ ಬಂಡೆ ಉಪಯೋಗಕ್ಕೆ ಬರುವುದೂ ಲಕ್ಷ ವರ್ಷದ ಮೇಲೆ, ಕಾರು ನಾಳೆಯೇ ಬರುತ್ತದೆ ಎಂದರು. ನನ್ನದೇ ವಿಜ್ಞಾನ ಅವರ ಪಕ್ಷ ಸೇರಿತ್ತು.

ಆಗ ಸುಮಿತ್ರಾ ಎದ್ದು ಮರಾಠಿಯಲ್ಲಿ ವಿಚಾರಿಸಿದಳು: ‘ಆರೂವರೆ ಕೋಟಿ ವರ್ಷದಿಂದ ಇಲ್ಲೇ ಇರುವ ಮೆಂಬರನ್ನು ಹೊರಗೆ ಹಾಕುತ್ತೀರಿ. ಇನ್ನೂ ಬರದ ಕಾರಿಗೆ ಜಾಗ ಕೊಡುತ್ತೀರಿ. ಇದು ಯಾವ ನಿಯಮ ಜೋಶಿ ಕಾಕಾ?’

ಸಭೆ ನಕ್ಕಿತು, ಕೊನೆಗೆ ಜೋಶಿಯವರೂ. ವಿಷಯ ಮುಂದಿನ ಸಭೆಗೆ ಹೋಯಿತು. ಬಂಡೆಗೇನು, ಕಾಯುವುದು ಅಭ್ಯಾಸವಾಗಿದೆ.

ಆ ಸಭೆಗೆಂದು ನನ್ನ ಮಾತಿನ ಎರಡನೆಯ ಅರ್ಧವನ್ನೇ ಮೊದಲು ಬರೆದು ಅಂಗಿಯ ಜೇಬಿನಲ್ಲಿಟ್ಟಿದ್ದೇನೆ. ಯಾವ ಅಂಗಿ ಎಂಬುದು ಸುಮಿತ್ರಾಳಿಗೆ ಗೊತ್ತಿದೆ.