ಫಿರಂಗಿ ಕಟ್ಟೆಯ ಇಟ್ಟಿಗೆಗಳು

ಮಾವ ಸುಳ್ಳು ಹೇಳುತ್ತಿದ್ದಾರೆಂದು ನನಗೆ ಮೊದಲು ಅನ್ನಿಸಿದ್ದು ಅವರ ಚಪ್ಪಲಿ ನೋಡಿ. ಕಲ್ಕತ್ತೆಯ ಲೇಕ್ ಗಾರ್ಡನ್ಸಿನ ನಮ್ಮ ಫ್ಲಾಟಿನಿಂದ ಪ್ರತಿ ಮಂಗಳವಾರ "ಲೈಬ್ರರಿಗೆ" ಎಂದು ಹೊರಡುತ್ತಿದ್ದವರು ಸಂಜೆ ಕೆಸರು ಮೆತ್ತಿಕೊಂಡು ಬರುತ್ತಿದ್ದರು. ಯಾವ ಲೈಬ್ರರಿಯಲ್ಲಿ ಕೆಸರಿರುತ್ತದೆ? ಗಂಡನಿಗೆ ಹೇಳಿದೆ. "ಅಪ್ಪನಿಗೆ ಒಂದಿಷ್ಟು ಓಡಾಟ ಬೇಕಲ್ಲ ಮಾರಾಯ್ತಿ" ಎಂದು ಬ್ಯಾಂಕಿಗೆ ಹೊರಟುಬಿಟ್ಟರು.

ಮುಂದಿನ ಮಂಗಳವಾರ ನಾನೇ ಹಿಂಬಾಲಿಸಿದೆ. ಮಾವ ಬಜ್‌ಬಜ್ ಲೋಕಲ್ ರೈಲು ಹತ್ತಿದರು. ನಾನು ಮಹಿಳೆಯರ ಡಬ್ಬಿ ಹತ್ತಿದೆ. ಕೊನೆಯ ಸ್ಟೇಷನ್ನಿನಲ್ಲಿ ಇಳಿದು ನದಿಯ ಕಡೆ ನಡೆದರು. ಗಲ್ಲಿಯೊಂದರಲ್ಲಿ ಚೀಲದಿಂದ ಟೇಪು, ನೋಟ್‌ಬುಕ್ ತೆಗೆದು ಯಾರದೋ ಮನೆಯ ಗೋಡೆ ಅಳೆದು ಬರೆದುಕೊಳ್ಳತೊಡಗಿದರು.

"ಎಂತ ಮಾವ ಇದು?"

ಬೆಚ್ಚಿಬಿದ್ದರು. "ನೀನಾ! ಹೇಳಿದರೆ ಮರುಳು ಅಂತೀರಿ ಅಂತ ಹೇಳಲಿಲ್ಲ."

ನಿವೃತ್ತಿಗೆ ಮುಂಚೆ ಬಂದರು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಾಗ ಹಳೆಯ ಹಾಳೆಯೊಂದರಲ್ಲಿ ನದಿಯ ಈ ತಿರುವಿನಲ್ಲಿ ಫಿರಂಗಿ ಕಟ್ಟೆಯೊಂದನ್ನು ಕಂಡಿದ್ದರಂತೆ. ಕಲ್ಕತ್ತೆಯ ಬಂದರಿಗೆ ಶತ್ರು ಹಡಗು ನುಗ್ಗದಂತೆ ಫಿರಂಗಿಗಳನ್ನಿಡಲು ಕಟ್ಟಿದ್ದು. ಈಗ ಅದರ ಗುರುತೇ ಇಲ್ಲ. ಅಷ್ಟು ದೊಡ್ಡ ಕಟ್ಟೆ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದೇನೆ, ಇಲ್ಲಿಯ ಹಳೇ ಗೋಡೆಗಳ ದಪ್ಪದಲ್ಲಿ ಸುಳಿವು ಸಿಕ್ಕೀತು ಎಂದರು. ನಾನು ಪೂರ್ತಿ ನಂಬಲಿಲ್ಲ.

ಅಷ್ಟರಲ್ಲಿ ಆ ಮನೆಯ ಮುದುಕಿ ಹೊರಗೆ ಬಂದಳು. ಅಕ್ಕಪಕ್ಕದವರೂ ಸೇರಿದರು.

"ವಾರವಾರವೂ ನಮ್ಮ ಗೋಡೆ ಅಳೆಯುತ್ತೀಯಲ್ಲ, ಯಾರು ಕಳಿಸಿದ್ದು? ಮನೆ ಕೆಡವಲಿಕ್ಕಾ?" ಎಂದು ಬಂಗಾಳಿಯಲ್ಲಿ ಗದರಿದಳು. ಪೊಲೀಸರನ್ನು ಕರೆಯೋಣ ಎಂದ ಒಬ್ಬ.

"ನಮ್ಮ ಮಾವನವರು. ಸರ್ಕಾರಿ ಕೆಲಸಕ್ಕೆ ಬಂದವರಲ್ಲ. ಹಳೇ ಫಿರಂಗಿ ಕಟ್ಟೆ ಹುಡುಕುತ್ತಿದ್ದಾರೆ" ಎಂದೆ, ನನ್ನ ಹರಕು ಬಂಗಾಳಿಯಲ್ಲಿ.

"ಹಾಗಾದರೆ ಆ ನೋಟ್‌ಬುಕ್ ಕೊಡಲಿ" ಎಂದಳು ಮುದುಕಿ.

ಅದರಲ್ಲಿ ಅವರೆಲ್ಲರ ಗೋಡೆಗಳ ಅಳತೆ ಇತ್ತು. ಮಾವ ಸ್ವಲ್ಪ ಹೊತ್ತು ಅದನ್ನೇ ನೋಡಿ, ಕೊಟ್ಟುಬಿಟ್ಟರು. ಮುದುಕಿ ಹಾಳೆಗಳನ್ನು ಒಂದೊಂದಾಗಿ ಹರಿದು ಬಾಗಿಲ ಬಳಿಯ ಒಲೆಗೆ ಹಾಕಿದಳು. ಕೊನೆಯ ಹಾಳೆ ಉರಿದ ಮೇಲೆ "ಒಳಗೆ ಬನ್ನಿ" ಎಂದಳು.

ಅಡುಗೆಮನೆಯ ಹಿಂಗೋಡೆ ಮೊಳದಷ್ಟು ದಪ್ಪ. ತೆಳ್ಳಗಿನ, ಅಗಲವಾದ ಹಳೇ ಇಟ್ಟಿಗೆಗಳು. ದಂಡೆ ಕುಸಿದಾಗ ಊರವರೆಲ್ಲ ಕಟ್ಟೆಯ ಇಟ್ಟಿಗೆ ಹೊತ್ತು ತಂದು ಮನೆ ಕಟ್ಟಿಕೊಂಡರಂತೆ. ಅವಳ ಅತ್ತೆ ಹೇಳಿದ್ದು.

"ಫಿರಂಗಿಗಳು?" ಎಂದರು ಮಾವ.

"ನದಿ ನುಂಗಿತು."

ಮಾವ ಗೋಡೆಯ ಮೇಲೆ ಅಂಗೈ ಇಟ್ಟು ನಿಂತರು. ಕಣ್ಣು ಒದ್ದೆಯಾಗಿತ್ತು. ಅವರನ್ನು ಸಂಶಯಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಮುದುಕಿ ಮಾತ್ರ ಟೇಪು ಹಿಡಿದಿದ್ದ ಅವರ ಇನ್ನೊಂದು ಕೈಯ ಮೇಲಿನ ಕಣ್ಣು ತೆಗೆಯಲಿಲ್ಲ.

ಈಗ ಆಗಾಗ ಇಬ್ಬರೂ ಹೋಗುತ್ತೇವೆ. ಅವಳು ಚಾ ಕೊಡುತ್ತಾಳೆ, ಊರ ಸುದ್ದಿ ಹೇಳುತ್ತಾಳೆ. ಆದರೆ ಮಾವನ ಚೀಲವನ್ನು ಬಾಗಿಲ ಹೊರಗೇ ಇಡಿಸುತ್ತಾಳೆ.