ರುಜುವಿನ ಹಿಂದೆ ನಿಂತ ಮುರುಗೇಶಪ್ಪನವರು

ತತ್ತ್ವಶಾಸ್ತ್ರ ಓದುವವರೇ ಕಡಿಮೆಯಾದ ಕಾಲದಲ್ಲಿ, ಹೊಸದುರ್ಗದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅದನ್ನೇ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಪ್ರೊ. ಮುರುಗೇಶಪ್ಪನವರು ಗ್ರಂಥ ಬರೆದವರಲ್ಲ. ವರ್ಷ ವರ್ಷವೂ ಹೇಳಿದ್ದು ಒಂದೇ ಮಾತು: 'ಈ ನಂಬಿಕೆ ಸಮಂಜಸ' ಎನ್ನುವುದು 'ಈ ಕಲ್ಲು ಭಾರ' ಎಂದಂತಲ್ಲ. ಹಾಗೆಂದವನು ಯಾವುದೋ ಗುಣವನ್ನು ತೂಗಿ ವರದಿ ಮಾಡುತ್ತಿಲ್ಲ; ಇಂಥ ಆಧಾರಕ್ಕೆ ಹೀಗೆ ನಂಬೋಣವೆಂದು ತನ್ನ ಒಪ್ಪಿಗೆ ಕೊಡುತ್ತಿದ್ದಾನೆ. "ಆಧಾರ ಬಾಯಿ ಬಿಡಲ್ಲ ಕಣ್ರಪ್ಪಾ, ಬಾಯಿ ಬಿಡೋರು ನಾವು," ಎನ್ನುತ್ತಿದ್ದರು.

ತರಗತಿ ಐದು ಮಂದಿಗಿಳಿದ ವರ್ಷ ಆ ಮಾತು ಅವರ ಕೊರಳಿಗೇ ಸುತ್ತಿಕೊಂಡಿತು. ಮತ್ತೋಡಿನ ಕಡೆಯ ಹಟ್ಟಿಯ ಕಾವ್ಯಶ್ರೀ, ಅವಳ ಹಿಂದೆ ಕೂತಿದ್ದ ಹರೀಶ್, ಪರೀಕ್ಷೆಯಲ್ಲಿ ಒಂದೇ ಉತ್ತರವನ್ನು ಅಕ್ಷರ ಬಿಡದೆ ಬರೆದಿದ್ದರು. ನಕಲೆಂದು ನಂಬುವುದು ಸಮಂಜಸ ಎಂಬ ವಿಚಾರಣಾ ವರದಿಗೆ ಮೇಷ್ಟ್ರೂ ರುಜು ಹಾಕಿದರು. ಇಬ್ಬರಿಗೂ ವರ್ಷ ಹೋಯಿತು. ಕಾವ್ಯಶ್ರೀ ಕುರಿಗಳ ಹಿಂದೆ ಹೊರಟಳು.

ಆರು ತಿಂಗಳ ಮೇಲೆ, ಬೀರು ಒರೆಸುತ್ತಿದ್ದ ಜವಾನ ನಿಂಗಪ್ಪನಿಗೆ, ಎಂದರೆ ಈ ಲೇಖನ ಬರೆದವನಿಗೆ, ಆ ಉತ್ತರಪತ್ರಿಕೆಗಳ ಜೊತೆ ಹಳೆಯ ವಿದ್ಯಾರ್ಥಿಯೊಬ್ಬನ ನೋಟ್‌ಬುಕ್ಕೂ ಸಿಕ್ಕಿತು. ಎರಡನ್ನೂ ಹೋಲಿಸಿ ನೋಡಿ, ತಂದು ಮೇಷ್ಟ್ರ ಮೇಜಿನ ಮೇಲೆ ಕುಕ್ಕಿದ.

"ಏನ್ ಸಾ ಇದು? ಇಬ್ರೂ ನೀವು ಬರೆಸಿದ ನೋಟ್ಸೇ ಉರು ಹೊಡ್ದವ್ರೆ! ನಿಮ್ಮ ಮಾತು ನಿಮಗೇ ಗುರುತು ಸಿಗ್ಲಿಲ್ವೇನ್ರಿ?"

ಹನ್ನೊಂದು ವರ್ಷದ ಹಿಂದೆ ಬರೆಸಿ, ದಣಿದು, ತಾವೇ ಮರೆತಿದ್ದ ಸಾಲುಗಳು. ಕೈಯಿಂದ ಕೈಗೆ ದಾಟಿ ಬಂದಿದ್ದವು. ಮೇಷ್ಟ್ರು ನೋಟ್‌ಬುಕ್ಕನ್ನು ಒಯ್ದು ವಿಚಾರಣಾ ಸಮಿತಿಯ ಮುಂದಿಟ್ಟರು.

"ಆಗಿದ್ದ ಆಧಾರಕ್ಕೆ ನಂಬಿದ್ದು ಸರಿಯಾಗೇ ಐತೆ, ಬಿಡ್ರಿ," ಎಂದು ಸಮಿತಿಯ ಹಿರಿಯರೊಬ್ಬರು ಸಮಾಧಾನ ಹೇಳಿದರು.

"ಆಧಾರ ರುಜು ಹಾಕ್ಲಿಲ್ಲ. ಹಾಕ್ದೋನು ನಾನು."

ಅವರು ವರದಿಯನ್ನು ವಾಪಸು ತೆಗೆಸಿ, ಹರೀಶನ ಮನೆಗೆ ಹೋಗಿಬಂದು, ನಿಂಗಪ್ಪನನ್ನು ಕರೆದುಕೊಂಡು ಹಟ್ಟಿಗೆ ಬಸ್ಸು ಹತ್ತಿದರು. ಕಾವ್ಯಶ್ರೀಯ ತಾಯಿ ಗಂಗಕ್ಕ ಕೂರಲೂ ಹೇಳಲಿಲ್ಲ.

"ಈಗ ಬಂದೇನ್ ಮಾಡ್ತೀರಿ ಸಾಮಿ? ಹೋದ ವರ್ಷ ತಂದ್ಕೊಡ್ತೀರಾ?"

"ಇಲ್ಲಮ್ಮ. ಕಳ್ಳಿ ಅಂತ ಒಪ್ಪಿದ್ದು ನಾನು. ಅಲ್ಲ ಅಂತ ನಾಲ್ಕು ಜನರ ಮುಂದೆ ನಾನೇ ಹೇಳ್ಬೇಕು."

ಹಟ್ಟಿಯ ಕಟ್ಟೆಯ ಮುಂದೆ ನಿಂತು ಹೇಳಿದರು. ಕೊನೆಗೆ ಕಾವ್ಯಶ್ರೀ ಎಂದಳು: "ಕಾಲೇಜಿಗೆ ಬರ್ತೀನಿ ಸಾ. ನೋಟ್ಸ್ ಮಾತ್ರ ಬರೆಸ್ಬೇಡ್ರಿ."

ಬರೆಸಲಿಲ್ಲ. ಅವಳು ಪಾಸಾದಳು. ನೋಟ್ಸ್ ಕೊಡದ ಮೇಷ್ಟ್ರ ಬಳಿಗೆ ಮಕ್ಕಳು ಬರುವುದು ನಿಂತಿತು. ಈಗ ಮೇಷ್ಟ್ರ ನಿವೃತ್ತಿಯೊಂದಿಗೆ ವಿಭಾಗಕ್ಕೂ ಬೀಗ ಬೀಳುತ್ತಿದೆ. ದಣಿದಿದ್ದಾರೆ. ಅವರ ಕಣ್ಣು, ಕಾಲು ಗಟ್ಟಿಯಾಗಿರಲಿ. ಕೇಳುವವನು ಒಬ್ಬನೇ ಇದ್ದರೂ ಹೇಳುತ್ತಿರಲಿ. ಮುರುಗೇಶಪ್ಪನವರು ನಂಬಲು ತಕ್ಕವರು. ಹಾಗೆನ್ನುತ್ತಿರುವವನು ನಿಂಗಪ್ಪ, ಕೆಳಗಿನ ರುಜುವೂ ಅವನದೇ.