ಸುಮ್ಮನೆ ಕುಂತಾಗ ಹೊಲಿದ ಕೌದಿಗಳು

ಮಧ್ಯಾಹ್ನದ ಪಾತ್ರೆ ತಿಕ್ಕಿ ಬೋರಲು ಹಾಕಿದ ಮೇಲೆ, ಸಂಜೆಯ ಚಹಾಕ್ಕೆ ಒಲೆ ಹೊತ್ತಿಸುವ ಮುಂಚೆ, ಐಗಳಿಯ ಆ ದ್ರಾಕ್ಷಿ ತೋಟದ ಮನೆಯಲ್ಲಿ ಯಾರಿಗೂ ಬೇಡವಾದ ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಗಂಡಸರು ಉಂಡು ಅಡ್ಡಾಗಿರುತ್ತಿದ್ದರು. ಎಮ್ಮೆ ಮೆಲುಕು ಹಾಕುತ್ತಿರುತ್ತಿತ್ತು. ಆ ಹೊತ್ತನ್ನು ಸೊಸೆ ಶೈಲಾ ತನ್ನದು ಮಾಡಿಕೊಂಡಿದ್ದಳು. ಪಡಸಾಲೆಯ ಕಂಪ್ಯೂಟರು ಮನೆಗೆ ಬಂದದ್ದು ಒಣದ್ರಾಕ್ಷಿಯ ವ್ಯವಹಾರಕ್ಕೆ. ಅದರ ಧೂಳು ಒರೆಸುವುದು ಮೊದಲಿನಿಂದಲೂ ಆಕೆಯ ಕೆಲಸ. ಅದನ್ನು ತೆರೆದು ಕೂರುವುದು ಆಮೇಲೆ ಶುರುವಾಯಿತು.

ಲಗ್ನಕ್ಕೆ ಮುಂಚೆ ಆಕೆ ಕರೋಶಿಯಿಂದ ಚಿಕ್ಕೋಡಿಗೆ ಬಸ್ಸಿನಲ್ಲಿ ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದಳು. ಜೊತೆಗೆ ಹೋಗುತ್ತಿದ್ದ ಗೆಳತಿ ಗಂಗಾ ಕೋರ್ಸು ಮುಗಿಸಿ, ಈಗ ಚಿಕ್ಕೋಡಿಯಲ್ಲೇ ಅಂಗಡಿಕಾರರಿಗೆ ವೆಬ್‌ಸೈಟು ಮಾಡಿಕೊಡುತ್ತಾಳೆ. ಶೈಲಾಳ ಕೋರ್ಸು ಅರ್ಧಕ್ಕೆ ನಿಂತಿತು, ಕುತೂಹಲ ಮಾತ್ರ ನಿಲ್ಲಲಿಲ್ಲ. ನೆರಳಲ್ಲಿ ಒಣಗಿದ ದ್ರಾಕ್ಷಿ ಹಸಿರಾಗೇ ಉಳಿದು ಬಿಸಿಲಿನದು ಯಾಕೆ ಕಪ್ಪಾಗುತ್ತದೆ ಎಂದು ಕೇಳಿ, ಮದುವೆಯಾದ ಹೊಸದರಲ್ಲೇ ಮಾವನಿಂದ ‘ಪ್ರಶ್ನೆಗಳ ಸೊಸೆ’ ಎನ್ನಿಸಿಕೊಂಡವಳು ಆಕೆ.

ಈ ಬೇಸಿಗೆಯಲ್ಲಿ, ಗಂಗಾಳ ಸಹಾಯದಿಂದ, ಊರ ಹೆಂಗಸರು ಹಳೆಯ ಬಟ್ಟೆ ತುಂಡುಗಳಿಂದ ಹೊಲಿದ, ಹೊದೆಯುವ ಕೌದಿಗಳಿಗೆ ಒಂದು ವೆಬ್‌ಸೈಟು ಮಾಡಿದಳು. ಒಂದೊಂದು ಕೌದಿಗೂ ಒಂದೊಂದು ಪುಟ. ಫೋಟೊ ತೆಗೆದದ್ದು, ಪುಟ ಕಟ್ಟಿದ್ದು ಎಲ್ಲ ಆ ಪಾತ್ರೆ ಮತ್ತು ಚಹಾದ ನಡುವಿನ ಹೊತ್ತಿನಲ್ಲಿ. ಸಂಬಂಧಿಕರು ವಾಟ್ಸಾಪಿನಲ್ಲಿ ನೋಡಿ ಹೆಬ್ಬೆರಳು ಎತ್ತಿದರು. ಕೊಳ್ಳಲು ಯಾರೂ ಬರಲಿಲ್ಲ.

ಗಂಡ ಸುಧೀರ ಕೆಟ್ಟವನಲ್ಲ. ಆದರೆ ತೋಟದ ಗಡಿಯಾರ ಬಿಟ್ಟು ಬೇರೆ ಗಡಿಯಾರ ಅವನಿಗೆ ತಿಳಿಯದು.

"ಅಕ್ಟೋಬರ್ ಚಾಟ್ನಿ ಶುರು ಆಗೂತನಾ ನೋಡು," ಎಂದ. ಚಾಟ್ನಿ ಎಂದರೆ ಬಳ್ಳಿ ಕತ್ತರಿಸುವ ಹಂಗಾಮು. "ಗುರುತು ಪರಿಚಯ ಇಲ್ಲದವರು ಒಬ್ಬರರ ಹುಡುಕ್ಕೊಂಡು ಬಂದ್ರ ನಡೀಲಿ. ಇಲ್ಲಾಂದ್ರ ಮಧ್ಯಾಹ್ನ ತೋಟದ ಕಡೆ ಬಾ. ಆಳುಗಳ ಮ್ಯಾಲೆ ನಿಗಾ ಮಾಡಾಕ ಮನಿಯವರು ಒಬ್ಬರು ಬೇಕು."

"ನಿಮ್ಮ ಮಧ್ಯಾಹ್ನದ ನಿದ್ದಿ ಏನ್ ಆಗ್ತದ್ರಿ ಮತ್ತ?"

"ಅದು ನಿದ್ದಿ ಅಲ್ಲ, ದಣಿವು," ಎಂದು ಮಗ್ಗುಲು ಬದಲಿಸಿದ.

ಹೀಗೆ ಆಕೆಯ ದಿನದಲ್ಲಿ ಆಕೆಯದೇ ಎನ್ನುವಂಥ ಒಂದೇ ಹೊತ್ತಿಗೆ ಗಡುವು ಬಿತ್ತು.

ಗಂಗಾಳಿಗೆ ಫೋನು ಮಾಡಿದರೆ, "ಸೈಟ್‌ಮ್ಯಾಪ್ ಕೊಟ್ಟೀಯೇನ?" ಎಂದಳು. ವೆಬ್‌ಸೈಟಿನಲ್ಲಿ ಯಾವ್ಯಾವ ಪುಟಗಳಿವೆ, ಯಾವುದು ಯಾವತ್ತು ಬದಲಾಯಿತು ಎಂದು ಗೂಗಲ್ಲಿಗೆ ತಿಳಿಸುವ ಒಂದು ಫೈಲು ಅದು. ಗೂಗಲ್ಲಿನ ಯಂತ್ರ ಸೈಟಿನಿಂದ ಸೈಟಿಗೆ ತಿರುಗುತ್ತ ಪುಟಗಳನ್ನು ಓದಿ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಇರುವುದು ಮಾತ್ರ ಹುಡುಕುವವರಿಗೆ ಸಿಗುತ್ತದೆ.

ಶೈಲಾಳಿಗೆ ಇದು ಬಹಳ ಹಿಡಿಸಿತು. ಮನೆಗೆ ಬಂದವರು ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಗಂಡಸರನ್ನು ಮಾತಾಡಿಸಿ ಹೋಗುತ್ತಾರೆ. ಒಳಗೆ ಎಷ್ಟು ಕೋಣೆ, ಹಿತ್ತಲಲ್ಲಿ ಯಾರಿದ್ದಾರೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹೇಳುವ ಒಂದು ಚೀಟಿ ಇದ್ದರೆ ಚಲೋ ಅಲ್ಲವೇ? ಕೂತು ಸೈಟ್‌ಮ್ಯಾಪ್ ಮಾಡಿ ಕಳಿಸಿದಳು. ‘ಯಶಸ್ವಿ’ ಎಂದು ಬಂತು. ಎಲ್ಲ ಪುಟಗಳೂ ಕಣ್ಣಿಗೆ ಬಿದ್ದಿವೆ ಎಂದೂ ಬಂತು.

ಆಮೇಲೆ ಆಕೆಗೆ ಆ ಬಂದು ಹೋಗುವ ಯಂತ್ರದ್ದೇ ಗೀಳು. ಯಾವ ಪುಟವನ್ನು ಯಾವಾಗ ನೋಡಿಹೋಯಿತು ಎನ್ನುವುದನ್ನು ಗೂಗಲ್ಲೇ ತೋರಿಸುತ್ತಿತ್ತು. ಕಾರ ಹುಣ್ಣಿಮೆಯ ದಿನ, ಆಕೆ ಕಡುಬು ಬೇಯಿಸುತ್ತಿದ್ದ ಹೊತ್ತಿಗೇ ಅದು ಬಂದು ಹೋಗಿತ್ತು. ಏನು ನೋಡಿತೋ? ಯಾವುದರ ಮುಂದೆ ನಿಂತಿತೋ? ಇನ್ನೊಮ್ಮೆ ಬರಲಿ ಎಂದು ದಿನಾ ಎಲ್ಲ ಪುಟಗಳ ತಾರೀಖನ್ನೂ ಹೊಸದು ಮಾಡಿ ಮತ್ತೆ ಮತ್ತೆ ಕಳಿಸಿದಳು.

"ಹುಚ್ಚೀ," ಎಂದಳು ಗಂಗಾ. "ಏನೂ ಬದಲಾಗದನ ತಾರೀಖು ಬದಲ ಮಾಡಿದ್ರ ಅದು ನಿನ್ನ ತಾರೀಖು ನಂಬೂದ ಬಿಡ್ತದ. ಸೈಟ್‌ಮ್ಯಾಪ್ ಅಂದ್ರ ಲಗ್ನಪತ್ರಿಕಿ ಇದ್ದಂಗ. ನೀ ಕರದಿ. ಬಂದು ಉಣ್ಣೂದು ಅವರ ಮರ್ಜಿ."

ಶ್ರಾವಣ ಬಂತು. ನೋಡಿದರೆ, ಅಷ್ಟು ಪುಟಗಳಲ್ಲಿ ಗೂಗಲ್ ಇಟ್ಟುಕೊಂಡಿದ್ದು ಒಂದೇ ಒಂದನ್ನು. ಅದು ಅತ್ತೆ ಗೌರಾಬಾಯಿಯ ಕೌದಿಯ ಪುಟ. ಉಳಿದವುಗಳ ಮುಂದೆಲ್ಲ ‘ನಕಲು’ ಎಂದಿತ್ತು.

ಊರ ಅಂಚಿನ ಕುರಿಹಟ್ಟಿಯ ಲಗಮವ್ವ ಬೆಣ್ಣೆ ಕೊಡಲು ಬಂದವಳು ಇದನ್ನು ಕೇಳಿ ಎಲೆ ಅಡಿಕೆ ಉಗುಳಿ ಬಂದು ಕೂತಳು. ಊರಲ್ಲಿ ಆಕೆಯಷ್ಟು ಸಣ್ಣ ಹೊಲಿಗೆ ಹಾಕುವವರು ಇರಲಿಲ್ಲ.

"ಅಂದ್ರ ಅದಕ್ಕೂ ದೊಡ್ಡವರ ಮನಿ ಬಾಗಲಾನ ಕಾಣ್ತು ಅನ್ನು," ಎಂದಳು.

"ನಾ ಏನ್ ಅದಕ್ಕ ಚಾ ಮಾಡಿ ಕೊಟ್ಟಿದ್ನೇನ ಲಗಮಿ?" ಎಂದರು ಗೌರಾಬಾಯಿ.

"ಕೊಟ್ಟಿರಬೇಕ್ರಿ ಅಕ್ಕಾರ. ನನಗ ಕೊಡೂದಿಲ್ಲ ಅಷ್ಟ."

ಗೌರಾಬಾಯಿ ಎದ್ದು ಚಹಾ ಇಟ್ಟರು.

ಮರುದಿನ ಶೈಲಾ ಪುಟಗಳನ್ನು ತೆರೆದು ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದಳು. ಕಣ್ಣಿಗೆ ಬೀಳದ ತಪ್ಪೇನಾದರೂ ಕಿವಿಗೆ ಬಿದ್ದೀತು ಎಂದು. ಗೌರಾಬಾಯಿ ಬಾಗಿಲ ಬಳಿ, ಪರದೆ ಕಾಣದ ಕಡೆ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಕೈಹೊಲಿಗೆಯ ಕೌದಿ. ಸುಮ್ಮನೆ ಕುಂತಾಗ ಹಳೆಯ ಸೀರೆಯಿಂದ ಹೊಲಿದದ್ದು."

ಮುಂದಿನದು. "ಕೈಹೊಲಿಗೆಯ ಕೌದಿ. ಸುಮ್ಮನೆ ಕುಂತಾಗ ಹಳೆಯ ಸೀರೆಯಿಂದ ಹೊಲಿದದ್ದು."

ಅದರ ಮುಂದಿನದು.

"ಅದನ್ನ ಎಷ್ಟ್ ಸಲ ಓದ್ತೀ? ಮುಂದಿಂದು ಓದು," ಎಂದರು ಗೌರಾಬಾಯಿ.

"ಇವು ಬ್ಯಾರೆ ಬ್ಯಾರೆ ಕೌದಿ ಅದಾವ್ರಿ ಅತ್ತೀ."

"ಹೌದೇನ? ನನಗ ಒಂದ ಕೇಳಿದಂಗ ಆತು."

ಶೈಲಾಳ ಕೈ ಮೌಸಿನ ಮೇಲೇ ನಿಂತಿತು. ಫೋಟೊ ಕಾಣದವರಿಗೆ ಎಲ್ಲವೂ ಒಂದೇ. ಯಂತ್ರಕ್ಕೂ ಹಾಗೇ ಕೇಳಿಸಿರಬೇಕು. ಒಂದೇ ಮಾತು ಹೇಳುವ ಅಷ್ಟು ಪುಟಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತ್ತು. ಅತ್ತೆಯದು ಮೊದಲು ಸಿಕ್ಕಿತ್ತು, ಅಷ್ಟೇ.

ಆದರೆ ಆ ಮಾತನ್ನು ಆಕೆ ಸ್ವಂತ ಬರೆದಿರಲಿಲ್ಲ. ಬೇಸಿಗೆಯಲ್ಲಿ ಮನೆಮನೆಗೆ ಹೋಗಿ, ಏನಂತ ಬರೀಲಿ ಎಂದು ಕೇಳಿದ್ದಳು. ಒಬ್ಬಳು ಸೆರಗಿನಿಂದ ಕೈ ಒರೆಸುತ್ತ, ಒಬ್ಬಳು ಹಿಟ್ಟು ಸಾಣಿಸುತ್ತ, ಒಬ್ಬಳು ಕೂಸಿಗೆ ಮೊಲೆ ಕೊಡುತ್ತ, ಎಲ್ಲರೂ ಒಂದೇ ಹೇಳಿದ್ದರು: ಏನಿಲ್ಲ ಬಿಡು, ಸುಮ್ನ ಕುಂತಾಗ ಹಳೇ ಸೀರಿದು ಹೊಲದದ್ದು. ಕೆಲಸವನ್ನು ಕೆಲಸ ಎನ್ನದ ಊರಿನ ರೂಢಿ ಅದು. ಹೊಲಿದವರ ಬಾಯಲ್ಲೇ ಮೊದಲು ಅದು ಸಣ್ಣದಾಗುತ್ತಿತ್ತು. ಶೈಲಾ ಅದನ್ನೇ ನಂಬಿ ಬರೆದುಕೊಂಡು ಬಂದಿದ್ದಳು. ಆಕೆಯೂ ಅಂಥದೇ ಊರಿನಿಂದ ಬಂದವಳಲ್ಲವೇ.

ಮರುದಿನ ಪಾತ್ರೆ ತಿಕ್ಕಿ ನೇರ ಕುರಿಹಟ್ಟಿಗೆ ನಡೆದಳು. ಲಗಮವ್ವ ಮರಿಗಳನ್ನು ಬಲೆಯ ಬೇಲಿಯೊಳಗೆ ಕೂಡುತ್ತಿದ್ದಳು.

"ಆಯೀ, ನೀ ಆ ಕೌದಿ ಸುಮ್ನ ಕುಂತಾಗ ಹೊಲದದ್ದು ಅಂದಿದ್ದಿ. ಯಾವಾಗ ಕುಂತಿದ್ದಿ?"

ಲಗಮವ್ವ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಯೋಚಿಸಿದಳು. ಆಮೇಲೆ ನಗತೊಡಗಿದಳು.

"ಯಾವಾಗ ಕುಂತಿದ್ನ ಯವ್ವಾ ನಾ? ಸತ್ತಿ ಊರಿನ ಹೊಳಿದಂಡಿಗೆ ಕುರಿ ಬಿಟ್ಟಾಗ ನಿಂತ ಹೊಲದೀನಿ. ಗಿರಣ್ಯಾಗ ಪಾಳಿ ಹಚ್ಚಿದಾಗ ಹೊಲದೀನಿ. ಮಗಳ ಬಾಣಂತನಕ್ಕ ಅಥಣಿ ದವಾಖಾನ್ಯಾಗ ಇದ್ದಾಗ ನಾಕ್ ಮೂಲಿ ಮುಗಿಸೀನಿ. ಕುಂತದ್ದು..." ಮತ್ತೆ ನಕ್ಕಳು. "ಕುಂತದ್ದು ನೆನಪಿಲ್ಲ ನೋಡು."

"ಮತ್ತ ಆ ಕೆಂಪು ತುಂಡು? ಅದು ಸೀರಿದು ಅಲ್ಲ."

"ನಮ್ಮ ಮನಿಯವರ ರುಮಾಲು ಅದು. ಅವರು ಹೋದಮ್ಯಾಲೆ ಮಡಚಿ ಇಟ್ಟಿದ್ದೆ. ಮಡಚಿ ಇಟ್ರ ಹುಳ ತಿಂತಾವ, ಹೊತ್ತುಕೊಂಡ್ರ ಬೆಚ್ಚಗ ಇರ್ತದ."

"ನಡುವ ಇರೂ ನೀಲಿ?"

ಲಗಮವ್ವ ಮರಿಯನ್ನು ಕೆಳಗೆ ಬಿಟ್ಟಳು.

"ಮಗಳ ಸಾಲಿ ಲಂಗ. ಕುರಿ ಹಿಂದ ಹೋಗಲಿ ಅಂತ ನಾನ ಸಾಲಿ ಬಿಡಿಸಿದ್ನಲ್ಲ. ಲಂಗ ಇನ್ನೂ ಹೊಸಾದು ಇತ್ತು. ಅದಕ್ಕ ನಡುವ ಹಾಕೀನಿ, ಎಲ್ಲಾರಿಗೂ ಕಾಣಲಿ ಅಂತ."

ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಾಳಂತೆ, ಹೊದ್ದವರು ಹಸಿದು ಮಲಗಬಾರದು ಎಂದು. ಇದನ್ನು ಆಕೆ ಬೀಳ್ಕೊಡುವಾಗ ಹೇಳಿದಳು, ಮರೆತ ಚೀಲವನ್ನು ಹಿಂದಿನಿಂದ ಕೂಗಿ ಕೊಡುವ ಹಾಗೆ.

ಭಾದ್ರಪದವೆಲ್ಲ ಶೈಲಾ ಮನೆಮನೆಗೆ ಅದೊಂದೇ ಪ್ರಶ್ನೆ ಹಿಡಿದುಕೊಂಡು ತಿರುಗಿದಳು: ಯಾವಾಗ ಕುಂತಿದ್ದಿ? ಕೇಳಿದ ಕೂಡಲೇ ಎಲ್ಲರಿಗೂ ನಗು ಬರುತ್ತಿತ್ತು, ನಗು ಮುಗಿದ ಮೇಲೆ ಮಾತು ಬರುತ್ತಿತ್ತು. ಪುಟಗಳು ಒಂದೊಂದಾಗಿ ಬದಲಾದವು. ಬದಲಾದ ಪುಟಕ್ಕೆ ಮಾತ್ರ ಸೈಟ್‌ಮ್ಯಾಪಿನಲ್ಲಿ ಹೊಸ ತಾರೀಖು ಹಾಕಿದಳು. ಈಗ ಆ ತಾರೀಖಿಗೆ ಅರ್ಥವಿತ್ತು. ಯಂತ್ರ ಬಂತು, ಹೋಯಿತು, ಮತ್ತೆ ಬಂತು. ‘ನಕಲು’ ಎನ್ನುವುದು ಒಂದರ ಮುಂದಿನಿಂದ ಹೋಯಿತು, ಇನ್ನೊಂದರ ಮುಂದಿನಿಂದ ಹೋಯಿತು. ಕೆಲವು ಹಟ ಹಿಡಿದು ಹಾಗೇ ಉಳಿದವು. ಯಾಕೆ ಎನ್ನುವುದು ಗಂಗಾಳಿಗೂ ತಿಳಿಯಲಿಲ್ಲ.

ಗೌರಾಬಾಯಿ ಮಾತ್ರ ತಮ್ಮದನ್ನು ಮುಟ್ಟಗೊಡಲಿಲ್ಲ. "ನಂದು ಏನಿಲ್ಲ," ಎಂದು ಎದ್ದು ಹೋಗುತ್ತಿದ್ದರು.

ಪುಟಗಳು ಸಿಗತೊಡಗಿದ್ದವು, ಆದರೆ ಹುಡುಕಿಕೊಂಡು ಇನ್ನೂ ಯಾರೂ ಬಂದಿರಲಿಲ್ಲ. ಅಷ್ಟರಲ್ಲಿ ಚಾಟ್ನಿ ಶುರುವಾಯಿತು. ಮೊದಲ ದಿನವೇ ಆಳುಗಳಿಗೆ ಬುತ್ತಿ ಕಟ್ಟಬೇಕಿತ್ತು. ಶೈಲಾ ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನದಿಂದ ತೋಟಕ್ಕೆ ಬಾ ಎಂದು ಸುಧೀರ ಹೇಳಿಹೋಗಿದ್ದ. ಫೋನು ಗೂಡಿನಲ್ಲಿ ಗುನುಗತೊಡಗಿತು. ಕೈಗೆಲ್ಲ ಹಿಟ್ಟು. ಗೌರಾಬಾಯಿ ಎತ್ತಿ ಸ್ಪೀಕರಿಗೆ ಹಾಕಿದರು.

ಗದಗಿನ ಕಡೆಯ ಹೆಂಗಸೊಬ್ಬಳ ದನಿ. "ರುಮಾಲಿನ ಕೌದಿ ಅಂತ ಹುಡುಕಿದ್ನಿರಿ, ನಿಮ್ಮದು ಬಂತು. ನಮ್ಮಜ್ಜಿ ಒಂದು ಅಂಥಾದು ಹೊಲದಿದ್ಲು, ಹರದು ಹೋತು. ಆ ಲಗಮವ್ವಾರು ಹೊಲದದ್ದು ಇನ್ನೂ ಐತೇನ್ರಿ? ಹ್ಯಾಂಗ ಹೊಲದಾರ್ರಿ ಅದನ್ನ?"

"ಏನಿಲ್ಲ್ರಿ, ಸುಮ್ನ..." ಎಂದ ಗೌರಾಬಾಯಿ ತಡೆದರು. ಒಲೆಯ ಮುಂದಿನ ಸೊಸೆಯನ್ನು ನೋಡಿದರು. ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು, ಶೈಲಾ ತಿರುವಿ ಹಾಕುವುದನ್ನು ಮರೆತಿದ್ದಳು.

"ತಡೀರಿ, ಹೇಳ್ತೀನಿ," ಎಂದು ಗೌರಾಬಾಯಿ ಗೋಡೆಗೆ ಆತುಕೊಂಡು, ಸೊಸೆ ಓದುವಾಗ ಕೇಳಿದ್ದನ್ನೆಲ್ಲ ಹೊಳೆದಂಡೆಯಿಂದ ಶುರು ಮಾಡಿದರು. ಒಂದನ್ನೂ ಬಿಡಲಿಲ್ಲ. ಹೋಳಿಗೆಯ ಚೂರನ್ನೂ.

ಆಚೆಯ ಹೆಂಗಸು, ಕೌದಿ ಎತ್ತಿಡ್ರಿ, ನನಗ ಬೇಕು, ಎಂದಳು.

ಉಣ್ಣಲು ಬಂದ ಸುಧೀರನಿಗೆ ಇವರು ಹೇಳುವ ಮುಂಚೆಯೇ ಸುದ್ದಿ ಕೇಳಿ ಬಂದಿದ್ದ ಲಗಮವ್ವ ಬಾಗಿಲಲ್ಲೇ ಗದಗಿನ ಫೋನಿನ ಮಾತು ಹೇಳಿಯಾಗಿತ್ತು. ಅವನು ಕೈ ತೊಳೆದು ಕೂತು, ತಾಟಿನ ಕಡೆ ನೋಡುತ್ತ, "ಮತ್ತ ಮಧ್ಯಾಹ್ನ ತೋಟದಾಗ ಯಾರು ನಿಂದರವರು?" ಎಂದ.

"ನಿಂದು ನಿದ್ದಿ ಅಲ್ಲ, ದಣಿವು ಅಂತಿದ್ದೆಲ್ಲ," ಎಂದರು ಗೌರಾಬಾಯಿ. "ದಣಿವು ನಿಂತೂ ಆರತದ."

ಅವನು ಇನ್ನೊಂದು ರೊಟ್ಟಿ ಕೇಳಿದ. ಉಂಡು, ಅಡ್ಡಾಗದೆ ತೋಟಕ್ಕೆ ಹೋದ.

ಪಾತ್ರೆಗಳು ಬೋರಲು ಬಿದ್ದ ಮೇಲೆ ಶೈಲಾ ಕಂಪ್ಯೂಟರ್ ತೆರೆದಳು. ಹಿಂದೆ ಟ್ರಂಕಿನ ಮುಚ್ಚಳದ ಸಪ್ಪಳ. ಗೌರಾಬಾಯಿ ತಮ್ಮ ಕೌದಿಯನ್ನು ತಂದು ಪಡಸಾಲೆಯ ನೆಲದ ಮೇಲೆ ಹಾಸಿ, ಅದರ ಒಂದು ಮೂಲೆಯ ಮೇಲೆ ಕೂತರು.

"ನಂದೊಂದ ಹಂಗ ಉಳದೈತಲ್ಲ. ಬರಿ."

"ಎಲ್ಲಿಂದ ಶುರು ಮಾಡ್ಲ್ರಿ ಅತ್ತೀ?"

"ಎಲ್ಲಾರಿಗೂ ಕೇಳಿದೆಲ್ಲ," ಎಂದರು ಗೌರಾಬಾಯಿ, ಅಂಗೈಯಿಂದ ಕೌದಿಯ ಸುಕ್ಕು ತೀಡುತ್ತ. "ನನಗೂ ಕೇಳು, ಯಾವಾಗ ಕುಂತಿದ್ದಿ ಅಂತ."